ಹೆಂಡತಿಯ ಸರಾಸರಿ

ಹೆಂಡತಿಗೆ ಅಂಕ ಹಾಕುವ ಗಂಡಸನ್ನು ನೀವು ನೋಡಿಲ್ಲದಿದ್ದರೆ ಭಾನುವಾರ ಬ್ರಿಸ್ಬೇನಿನ ನಮ್ಮ ಬೇಸ್‌ಬಾಲ್ ಮೈದಾನಕ್ಕೆ ಬನ್ನಿ. ತಂತಿಬೇಲಿಯ ಪಕ್ಕ ಮಡಚುವ ಕುರ್ಚಿಯಲ್ಲಿ ಟೋಪಿ ಹಾಕಿಕೊಂಡು ಕೂತಿರುವ ಸ್ಕೋರರ್ ನಾನೇ. ಹುದ್ದೆ ಪ್ರತಿಭೆಯಿಂದ ಬಂದದ್ದಲ್ಲ. ಬೇರೆ ಯಾರೂ ಒಪ್ಪಲಿಲ್ಲ, ಅಷ್ಟೆ.

ಹೆಂಡತಿ ಶೈಲಾ ಪಕ್ಕದ ಊರು ಇಪ್ಸ್‌ವಿಚ್‌ನಲ್ಲಿ ಮೂಳೆ ಡಾಕ್ಟರು. ವಾರವೆಲ್ಲ ಮುರಿದ ಕೈಕಾಲು ಕೂಡಿಸಿ, ಭಾನುವಾರ ಮಹಿಳೆಯರ ತಂಡಕ್ಕೆ ಚೆಂಡೆಸೆಯುವ ಪಿಚರ್ ಆಗುತ್ತಾಳೆ. ಮೈಸೂರಿನಲ್ಲಿ ಓದುವಾಗ ಸಿಟಿ ಬಸ್ಸಿನ ಹಿಂದೆ ಓಡಿದ್ದು ಬಿಟ್ಟರೆ ಬೇರೆ ಆಟ ಕಂಡವಳಲ್ಲ. ಈಗ ಅವಳ ಚೆಂಡು ಬ್ಯಾಟಿನ ಹತ್ತಿರ ಬಂದು, ಮನಸ್ಸು ಬದಲಾಯಿಸಿದ ಹಾಗೆ ಸರಕ್ಕನೆ ಕೆಳಗಿಳಿಯುವುದನ್ನು ನೋಡಿದರೆ, ಮದುವೆಯಾಗಿ ಇಷ್ಟು ವರ್ಷವಾದ ಮೇಲೂ, ನನಗೆ ನಾಚಿಕೆಯಾಗುವಷ್ಟು ಹೆಮ್ಮೆ.

ಪಿಚರ್‌ಗಳನ್ನು ಅಳೆಯಲು ಒಂದು ಸಂಖ್ಯೆ ಇದೆ: ಇಡೀ ಪಂದ್ಯಕ್ಕೆ ಸರಾಸರಿ ಎಷ್ಟು ರನ್ ಬಿಟ್ಟುಕೊಟ್ಟರು ಎನ್ನುವುದು. ಕಡಿಮೆಯಿದ್ದಷ್ಟೂ ಒಳ್ಳೆಯದು. ನಮ್ಮ ಕ್ರಿಕೆಟ್ಟಿನಲ್ಲಿ ಸ್ಲಿಪ್ಪಿನಲ್ಲಿ ನಿಂತವನು ಆಕಳಿಸುತ್ತ ಕ್ಯಾಚ್ ಬಿಟ್ಟು, ಆಮೇಲೆ ಬ್ಯಾಟ್ಸ್‌ಮನ್ ಶತಕ ಹೊಡೆದರೂ ಅಷ್ಟೂ ಬೌಲರ್ ತಲೆಗೇ. ಇಲ್ಲಿ ಹಾಗಲ್ಲ. ಫೀಲ್ಡರ್ ತಪ್ಪಿನಿಂದ ಬಂದ ರನ್ನು ಪಿಚರ್ ಲೆಕ್ಕಕ್ಕೆ ಸೇರುವುದಿಲ್ಲ. ಕರ್ಮಸಿದ್ಧಾಂತ ಉಪದೇಶ ಮಾಡಿದವರು ನಾವು. ಸರಿಯಾಗಿ ಲೆಕ್ಕ ಇಟ್ಟವರು ಇವರು. ತಪ್ಪೋ ಅಲ್ಲವೋ ಎಂದು ತೀರ್ಮಾನಿಸುವ ಚಿತ್ರಗುಪ್ತ ಸ್ಕೋರರ್, ಅಂದರೆ ನಾನು.

ಮಗಳು ಅನು ಅದೇ ತಂಡಕ್ಕೆ ಸೇರಿದ ಮೇಲೆ ಚಿತ್ರಗುಪ್ತನಿಗೆ ಕಷ್ಟ ಶುರುವಾಯಿತು. ಅವಳು ನಿಲ್ಲುವುದು ಅಮ್ಮನ ಬೆನ್ನ ಹಿಂದೆ, ಎರಡನೇ ಬೇಸಿನ ಬಳಿ. ಚೆಂಡು ಅವಳ ಗ್ಲೌಸಿನೊಳಗೆ ಹೋಗುತ್ತದೆ, ಹೊರಗೂ ಬರುತ್ತದೆ. ನಾನು ‘ಎರರ್’ ಎಂದು ಬರೆಯಬೇಕು ಅನ್ನುವಷ್ಟರಲ್ಲಿ ಶೈಲಾ ಪ್ರತ್ಯಕ್ಷ.

“ರೀ, ಎಷ್ಟು ಫಾಸ್ಟ್ ಆಗಿ ಬಂತು ನೋಡಿದ್ರಾ? ಯಾರಿದ್ರೂ ಹಿಡಿಯೋಕಾಗ್ತಿರ್ಲಿಲ್ಲ. ಹಿಟ್ ಅಂತ ಹಾಕಿ.”

ಹಿಟ್ ಎಂದರೆ ಮಗಳ ತಪ್ಪು ಮಾಯ, ರನ್ನೆಲ್ಲ ಅಮ್ಮನ ತಲೆಗೆ. ಹಾಕುತ್ತಿದ್ದೆ, ಸಂಜೆ ಅದೇ ಮನೆಗೆ ಹೋಗಬೇಕಲ್ಲ. ಹೀಗೆ ಮೂರರೊಳಗಿದ್ದ ಸರಾಸರಿ ಏರಿ ಏರಿ ನಾಲ್ಕರ ಬಾಗಿಲಿಗೆ ಬಂತು. ಅಡಿಲೇಡಿನ ಭಾವಮೈದ ಫೋನಿನಲ್ಲಿ ಕೇಳಿ, “ನಾಲ್ಕಾ? ಅಕ್ಕ ಸುಮಾರಾಗಿ ಆಡ್ತಾಳೆ ಬಿಡಿ ಭಾವ” ಎಂದ. ನನಗೆ ಮೈಯೆಲ್ಲ ಉರಿಯಿತು. ಅವಳು ಎಷ್ಟು ಒಳ್ಳೆಯವಳೋ ಅಷ್ಟು ಕೆಟ್ಟದಾಗಿ ಕಾಣುವ ಸಂಖ್ಯೆ ಅದು ಎಂದು ಅವನಿಗೆ ಹೇಗೆ ಹೇಳಲಿ?

ಈ ವರ್ಷ ಭುಜದ ಸ್ಕ್ಯಾನ್ ನೋಡಿ ಶೈಲಾ ತಾನೇ ತೀರ್ಪು ಕೊಟ್ಟಳು, ಇದೇ ಕೊನೆಯ ಸೀಸನ್ ಎಂದು. ಅವಳಿಗೆ ಉಳಿದದ್ದು ಒಂದೇ ಆಸೆ: ನಾಲ್ಕರ ಕೆಳಗೆ ಮುಗಿಸಬೇಕು.

ಕೊನೆಯ ಪಂದ್ಯದ ಕೊನೆಗೆ ಚೆಂಡೊಂದು ಸಾವಕಾಶವಾಗಿ ಉರುಳಿಕೊಂಡು ಅನುವಿನ ಕಡೆಗೆ ಬಂತು, ಬರಿಗೈಯ ಬೆರಳಿಗೆ ಬಡಿದು ಕಾಲಸಂದಿಯಲ್ಲಿ ನುಸುಳಿತು. ಎರಡು ರನ್ ಹೋಯಿತು, ಪಂದ್ಯವೂ ಹೋಯಿತು. ಹಿಟ್ ಎಂದು ಬರೆದರೆ ಶೈಲಾ ನಾಲ್ಕು ದಾಟುತ್ತಾಳೆ. ಈ ಸಲ ನನ್ನ ಕುರ್ಚಿಯ ಬಳಿ ಮೊದಲು ಓಡಿಬಂದವಳು ಅನು.

“ಅಪ್ಪ, ದಟ್ ವಾಸ್ ಮೈ ಎರರ್. ರೈಟ್ ಇಟ್ ಡೌನ್.”

ಹಿಂದೆಯೇ ಶೈಲಾ ಏದುಸಿರು ಬಿಡುತ್ತ ಬಂದಳು. “ಇಲ್ಲ ರೀ, ನೆಲ ಸರಿಯಿಲ್ಲ ಅಲ್ಲಿ. ಹಿಟ್ ಅಂತ...”

“ನೋ, ಅಮ್ಮ. ಯು ಆಲ್ವೇಸ್ ಟೇಕ್ ಇಟ್. ದಿಸ್ ಒನ್ ಈಸ್ ಮೈನ್.”

ಶೈಲಾ ತನ್ನಷ್ಟೇ ಎತ್ತರಕ್ಕೆ ಬೆಳೆದ ಮಗಳನ್ನು ಸ್ವಲ್ಪ ಹೊತ್ತು ನೋಡಿದಳು. “ಸರಿ ರೀ, ಅವಳದ್ದೇ ಹಾಕಿ” ಎಂದಳು. ನಾನು ‘ಎರರ್’ ಎಂದು ಬರೆದೆ.

ಕಾರಿನಲ್ಲಿ ಕೂತು ಲೆಕ್ಕ ಹಾಕಿದೆ. ಕೂದಲೆಳೆಯಷ್ಟು ಅಂತರ, ಆದರೆ ನಾಲ್ಕರ ಕೆಳಗೆ. “ನೀನು ಗೆದ್ದೆ ಕಣೇ” ಎಂದು ಹಿಂದಕ್ಕೆ ತಿರುಗಿದೆ. ಹಿಂದಿನ ಸೀಟಿನಲ್ಲಿ ಶೈಲಾ ಮಗಳ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡುತ್ತಿದ್ದಳು.

“ಅದೆಲ್ಲ ಆಮೇಲೆ ಹೇಳೋರಂತೆ. ಮೊದಲು ಪೆಟ್ರೋಲ್ ಬಂಕ್ ಹತ್ರ ನಿಲ್ಸಿ, ಐಸ್ ತಗೋಬೇಕು” ಎಂದಳು.