ಆವಲಪ್ಪನವರ ಮನೆ ಬಾಗಿಲು ರಸ್ತೆಯಲ್ಲಿದೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೂಲಿಬೆಲೆಯಿಂದ ಹೊಸಕೋಟೆ ಕಡೆಗೆ ಮೂರು ಮೈಲಿ ಬಂದರೆ ಸಿಗುವ ತಿರುವಿನಲ್ಲಿ, ತಲೆಯ ಮೇಲೆ ಕಂಬಳಿ ಹೊದ್ದ ಒಬ್ಬರು ಟಾರು ರಸ್ತೆಯಲ್ಲಿ ಹರಡಿದ ಹುರುಳಿ ಗಿಡಗಳನ್ನು ಕವೆಗೋಲಿನಿಂದ ನಡುವಿಗೆ ತಳ್ಳುತ್ತಿದ್ದಾರೆ. ಹಿಂದೆಯೇ ಪೊರಕೆ ಹಿಡಿದು ಉದುರಿದ ಕಾಳು ಗುಡಿಸುತ್ತಾರೆ. ಅರ್ಧ ಗಂಟೆಯಲ್ಲಿ ರಸ್ತೆಯ ಎರಡೂ ಅಂಚಿಗೆ ಮೂರು ಮೂರಡಿ ಅಗಲದ ಹಾದಿ ತೆರವಾಗುತ್ತದೆ. ಪಕ್ಕದ ಹುಣಸೆ ಮರಕ್ಕೆ ಒಂದು ಹಳೆಯ ಮರದ ಬಾಗಿಲು ಒರಗಿದೆ.

ಇವರು ಆವಲಪ್ಪ, ರಸ್ತೆ ಗ್ಯಾಂಗಿನ ಕೂಲಿ. ಗುಂಡಿ ಮುಚ್ಚುವುದು, ಚರಂಡಿ ತೆಗೆಯುವುದು ಇವರ ಕೆಲಸ. ಬೆಳಗಿನ ಈ ಗುಡಿಸಾಟ ಯಾರೂ ಹೇಳಿದ್ದಲ್ಲ.

ಸುಗ್ಗಿ ಬಂತೆಂದರೆ ನಮ್ಮ ಸೀಮೆಯಲ್ಲಿ ಟಾರು ರಸ್ತೆಯೇ ಕಣ. ಕಣ ಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ ಗುಂಡು ಎಳೆಸುವ ಬದಲು ಬೆಳೆಯನ್ನು ರಸ್ತೆಗೆ ಹಾಸಿದರಾಯಿತು. ಬಸ್ಸು, ಲಾರಿ ಬಿಟ್ಟಿಯಾಗಿ ಒಕ್ಕಿ ಕೊಡುತ್ತವೆ. ಬಸ್ಸಿಗೆ ಅದು ಮೆತ್ತನೆ ಹಾಸಿಗೆ. ಎರಡು ಚಕ್ರದವನಿಗೆ ಮಾತ್ರ ಎಣ್ಣೆ ಸುರಿದ ನೆಲ. ಹುಲ್ಲಿನಡಿಯ ಕಾಳು ಉರುಳಿತೋ, ಸವಾರನೂ ಉರುಳಿದ. ಹಳೇ ಸ್ಕೂಟರೊಂದರ ಮಾಲೀಕನಾದ ನಾನೂ ಈ ಹುಲ್ಲಿನ ಮೇಲೆ ಖುಷಿಯಿಂದ ಓಡಿಸಿದವನೇ. ಇಂಥದ್ದೊಂದು ಬೆಳಗ್ಗೆ ಆವಲಪ್ಪ ಕೆಂಪು ಬಟ್ಟೆ ಬೀಸಿ ನಿಲ್ಲಿಸಿ, "ಸ್ವಾಮಿ, ಮನೇಲಿ ಹೆಂಡ್ತಿ ಮಕ್ಳವ್ರಾ?" ಎಂದು ಕೇಳಿದ್ದರಿಂದಲೇ ನಮ್ಮ ಪರಿಚಯವಾದದ್ದು.

ಕಥೆ ಶುರುವಾಗುವುದು ಅರವತ್ತೆಂಟರ ಸುಗ್ಗಿಯಲ್ಲಿ. ವಿಜಯಪುರದ ಪಿಳ್ಳಣ್ಣ ರೇಷ್ಮೆ ನೂಲಿನ ವ್ಯಾಪಾರಿ. ಮೋಟಾರ್ ಸೈಕಲ್‌ನಲ್ಲಿ ಹೊಸಕೋಟೆಗೆ ಹೊರಟವರು ಇದೇ ತಿರುವಿನಲ್ಲಿ ಜಾರಿ ಬಿದ್ದರು. ರಸ್ತೆಯ ಮೇಲಿದ್ದ ಹುರುಳಿ ಆವಲಪ್ಪನವರದು. ರಸ್ತೆ ಕಾಯಬೇಕಾದವರೇ ರಸ್ತೆಗೆ ಬೆಳೆ ಹಾಸಿದ್ದರು.

"ಊರೋರೆಲ್ಲ ಹಾಕ್ತಿದ್ರು, ನಾನೂ ಹಾಕ್ದೆ" ಎನ್ನುತ್ತಾರೆ ತಲೆ ತಗ್ಗಿಸಿ. "ದಬ್ ಅಂತ ಸದ್ದಾಯ್ತು, ಓಡ್ಬಂದೆ. ಮನುಷ್ಯ ಮಾತಾಡ್ತಿದ್ರು ಸ್ವಾಮಿ. ಕಾಲೂ ಆಡ್ತಿತ್ತು, ನನ್ ಕಣ್ಣಾರೆ ನೋಡಿವ್ನಿ. ನಾನು ಕಂಕುಳಿಗೆ ಕೈ ಹಾಕ್ದೆ, ಇನ್ನಿಬ್ರು ಕಾಲು ಹಿಡ್ಕೊಂಡ್ರು. ಎತ್ತಿ ಕೂರ್ಸಿ ನೀರು ಕುಡಿಸ್ದೊ. ಗಾಡಿ ಕಟ್ಟಿ, ಒರಗಿಸ್ಕೊಂಡು ಹೊಸಕೋಟೆಗೆ ಹೊಡ್ದೊ. ಅರ್ಧ ದಾರೀಲಿ ಅವ್ರು, 'ಅಯ್ಯಾ, ನನ್ ಕಾಲೆಲ್ಲಿ?' ಅಂದ್ರು."

ಬೆನ್ನು ಮೂಳೆಗೆ ಪೆಟ್ಟಾಗಿತ್ತು. ಮುರಿದ ಮೂಳೆ ಎತ್ತಾಟದಲ್ಲಿ, ಗಾಡಿಯ ಕುಲುಕಾಟದಲ್ಲಿ ಒಳಗಿನ ನರವನ್ನು ಒತ್ತಿತ್ತು. ಆಸ್ಪತ್ರೆಯ ಡಾಕ್ಟರು ಬೈಯಲಿಲ್ಲ; ಒಂದೇ ಒಂದು ಮಾತು ಕೇಳಿದರು.

"'ಹಲಗೆ ಮೇಲೆ ಅಲ್ಲಾಡದಂಗೆ ಮಲಗಿಸಿ ತರ್ಬೇಕಿತ್ತು ಕಣಯ್ಯ. ಏನೂ ಇಲ್ದಿದ್ರೆ ಒಂದು ಬಾಗ್ಲಾದ್ರೂ ಸಿಗ್ಲಿಲ್ವಾ?' ಅಂದ್ರು. ನಮ್ಮನೆ ಅಲ್ಲೇ ಇಪ್ಪತ್ತು ಮಾರು ದೂರ ಸ್ವಾಮಿ. ಬಾಗ್ಲು ತೆಗೆದೇ ಇತ್ತು."

ಅಂದು ಸಂಜೆಯೇ ಅವರು ಮನೆಯ ಬಾಗಿಲನ್ನು ಕಿತ್ತು ತಂದು ಹುಣಸೆ ಮರಕ್ಕೆ ಒರಗಿಸಿದರು. ಮನೆಗೆ ಇವತ್ತಿಗೂ ಗೋಣಿತಾಟಿನ ಪರದೆಯೇ. ಬೇರೊಂದು ಹಲಗೆ ಮಾಡಿಸಬಹುದಿತ್ತಲ್ಲ ಎಂದು ಕೇಳಿದೆ. "ಮಾಡಿಸ್ಬೋದಿತ್ತು. ಬಾಗ್ಲಿಲ್ದಿರೋ ಮನೆಗೆ ದಿನಾ ಹೋಗಿ ಬಂದ್ರೆ ಮರೆಯಾಕಾಗಲ್ಲ" ಎಂದರು.

ಹೆಂಡತಿ ಕದಿರಮ್ಮನವರಿಗೆ ಈ ಲೆಕ್ಕಾಚಾರ ಒಪ್ಪಿಗೆಯಿಲ್ಲ. "ಹಬ್ಬಕ್ಕೆ ಹೊಸ್ಲಿಗೆ ಅರಿಶಿನ ಬಳಿತೀನಿ, ಬಾಗ್ಲಿಗೆ ಎಲ್ಲಿ ಬಳೀಲಿ? ನಾಯಿ ಬಂದು ಮುದ್ದೆ ತಿಂದ್ಕೊಂಡು ಹೋಯ್ತದೆ" ಎಂದು ನನ್ನೆದುರೇ ದಬಾಯಿಸಿದರು. ಆದರೆ ಬಾಗಿಲಿಗೆ ಸವಾರನನ್ನು ಬಿಗಿಯುವ ನಾಲ್ಕು ಪಟ್ಟಿಗಳನ್ನು ಹಳೇ ಸೀರೆಯಿಂದ ಹೊಲಿದವರು ಇವರೇ. ಪ್ರತಿ ಸಲವೂ ಅವುಗಳ ರಕ್ತ ತೊಳೆದು ಒಣಹಾಕುವವರೂ ಇವರೇ.

ಆವಲಪ್ಪ ಆ ಡಾಕ್ಟರ ಬಳಿಗೆ ಮೂರು ವಾರ ರಜೆಯ ದಿನ ಹೋಗಿ ಕಲಿತು ಬಂದರು. ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರಬೇಕು. ನಾಲ್ಕು ಜನ ಒಟ್ಟಿಗೆ ಹೊರಳಿಸಿ ಕೆಳಗೆ ಬಾಗಿಲು ತೂರಿಸಬೇಕು. ತಲೆಯ ಎರಡು ಪಕ್ಕಕ್ಕೂ ಸುತ್ತಿದ ಕಂಬಳಿ. ರಕ್ತ ಸುರಿಯುವ ಕಡೆ ಒಗೆದ ಬಟ್ಟೆ ಮಡಿಸಿ ಒತ್ತಿ ಹಿಡಿಯಬೇಕು, ಪದೇ ಪದೇ ತೆಗೆದು ನೋಡಬಾರದು. ಎಚ್ಚರ ತಪ್ಪಿದವನ ಬಾಯಿಗೆ ಹನಿ ನೀರೂ ಕೂಡದು.

ಇಷ್ಟು ಕಲಿಯುವುದು ಸುಲಭ, ಜನರನ್ನು ತಡೆಯುವುದೇ ಕಷ್ಟ. ಬಿದ್ದವನ ಸುತ್ತ ಗಳಿಗೆಯಲ್ಲಿ ಊರಿಗೆ ಊರೇ ವೈದ್ಯನಾಗುತ್ತದೆ. ಗಾಯಕ್ಕೆ ಕಾಫಿಪುಡಿ ಮೆತ್ತುವವರು, ಈರುಳ್ಳಿ ಮೂಸಿಸುವವರು, ಕೈಗೆ ಬೀಗದ ಕೈ ತುರುಕುವವರು! ಎಲ್ಲಕ್ಕಿಂತ ಹೆಚ್ಚಾಗಿ ನೀರಿನ ಚೊಂಬು. ಎರಡು ವರ್ಷದ ಹಿಂದೆ ಒಬ್ಬ ಸವಾರ ಬಾಗಿಲ ಮೇಲೆಯೇ ಕಣ್ಣು ಮುಚ್ಚಿದಾಗ ಅವನ ತಾಯಿ, "ನನ್ ಮಗನ ಬಾಯಿಗೆ ನೀರು ಬಿಡಾಕೂ ಬಿಡ್ಲಿಲ್ವಲ್ಲೋ ಪಾಪಿ" ಎಂದು ಮಣ್ಣು ತೂರಿದರು. ಆವಲಪ್ಪ ಮೂರು ದಿನ ಊಟ ಬಿಟ್ಟಿದ್ದರಂತೆ. ನಾಲ್ಕನೆಯ ದಿನ ಮತ್ತೆ ಪೊರಕೆ ಹಿಡಿದರು.

ಎಂಟು ವರ್ಷದಲ್ಲಿ ಹನ್ನೊಂದು ಜನ ಈ ಬಾಗಿಲ ಮೇಲೆ ಮಲಗಿ, ಸಿಕ್ಕಿದ ಲಾರಿಯಲ್ಲಿ ಆಸ್ಪತ್ರೆ ಸೇರಿದ್ದಾರೆ. ಇಬ್ಬರು ಉಳಿಯಲಿಲ್ಲ. ಅಷ್ಟೂ ಜನರ ಹೆಸರು, ಊರು ಆವಲಪ್ಪನವರಿಗೆ ಬಾಯಿಪಾಠ. ಬಾಗಿಲು ಬಸ್ಸಿನ ಟಾಪಿನ ಮೇಲೆ ವಾಪಸಾಗುತ್ತದೆ. ದನದ ಆಸ್ಪತ್ರೆಯ ಕಾಂಪೌಂಡರ್ ಆದಿನಾರಾಯಣಪ್ಪ ಹೋದ ವರ್ಷ ಬಿದ್ದಾಗ ಅವರಿಗೂ ಬೆನ್ನಿಗೇ ಪೆಟ್ಟು. ಎತ್ತಲು ಬಂದವರ ಮುಂದೆ ಆವಲಪ್ಪ ಸಲಿಕೆ ಹಿಡಿದು, "ಮುಟ್ಟಿದ್ರೆ ಕೈ ಮುರಿತೀನಿ" ಎಂದು ನಿಂತರಂತೆ. ನಾಲ್ಕು ತಿಂಗಳ ಮೇಲೆ ಕಾಂಪೌಂಡರು ಆ ತಿರುವಿಗೆ ನಡೆದುಕೊಂಡೇ ಬಂದರು. ಆವಲಪ್ಪ ಅವರ ಮುಖ ನೋಡಲಿಲ್ಲ, ಕಾಲನ್ನೇ ನೋಡುತ್ತ ಅತ್ತರು.

ಪ್ರತಿ ಸಂಕ್ರಾಂತಿಗೆ ಅವರು ಒಂದು ಚೀಲ ಸೊಗಡು ಅವರೆಕಾಯಿ ಹೊತ್ತು ವಿಜಯಪುರಕ್ಕೆ ಹೋಗುತ್ತಾರೆ. ಪಿಳ್ಳಣ್ಣನವರು ಈಗ ಮನೆಯ ಜಗಲಿಯಲ್ಲೇ ಕೂತು ನೂಲಿನ ವ್ಯಾಪಾರ ನೋಡಿಕೊಳ್ಳುತ್ತಾರೆ. ನಾನೂ ಹೋಗಿ ಮಾತಾಡಿಸಿದೆ. "ಬಿದ್ದಿದ್ದು ನನ್ ಹಣೆಬರಹ, ಎತ್ತಿದ್ದು ಅವ್ನ ಒಳ್ಳೇತನ. ಇನ್ನೇನಂತ ಬೈಯ್ಲಿ?" ಎಂದರು. ಈ ಮಾತನ್ನು ಆವಲಪ್ಪನವರಿಗೆ ಮುಟ್ಟಿಸಿದೆ. "ನಂಗೂ ಹಂಗೇ ಅಂತಾರೆ. ಒಂದ್ಸಲ ಬೈದಿದ್ರೆ ಚೆನ್ನಾಗಿರ್ತಿತ್ತು" ಎಂದರು.

ಬಿಸಿಲೇರುತ್ತಿದೆ. ಮೋಟಾರ್ ಸೈಕಲ್ಲೊಂದು ಅಂಚಿನ ಹಾದಿ ಹಿಡಿದು ಸಲೀಸಾಗಿ ದಾಟಿ ಹೋಗುತ್ತದೆ. ಸವಾರ ತಿರುಗಿಯೂ ನೋಡುವುದಿಲ್ಲ. ಅದು ಮರೆಯಾಗುವವರೆಗೆ ಆವಲಪ್ಪ ಉಸಿರು ಬಿಗಿಹಿಡಿದಿರುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೊನೆಗೆ ಕೇಳಿದೆ. ಕೆಲಸ ಕಾಯಂ ಆಗಲಿ ಎನ್ನಬಹುದು ಎಂದುಕೊಂಡಿದ್ದೆ. ಅವರು ಮರಕ್ಕೆ ಒರಗಿದ್ದ ಬಾಗಿಲಿನ ಮೇಲಿನ ಮಂಜು ಒರೆಸಿದರು.

"ಒಂದು ಸುಗ್ಗಿ, ಒಂದೇ ಒಂದು ಸುಗ್ಗಿ ಇದರ ಮೇಲೆ ಯಾರೂ ಮಲಗ್ದಂಗೆ ಕಳೀಲಿ ಸ್ವಾಮಿ. ಹೊತ್ಕೊಂಡೋಗಿ ಮನೆಗೆ ಹಾಕ್ಬಿಡ್ತೀನಿ. ನಮ್ ಕದಿರಿ ಒಳಗಿಂದ ಅಗುಳಿ ಹಾಕ್ಕೊಂಡು ಮಲಗಿ ಎಂಟು ವರ್ಷ ಆಯ್ತು."