ಶ್ರಾವಣ ಮಾಡಿದ ಜೇಡ

ಇಳಕಲ್ಲಿನ ಆ ಸೀರೆ ವ್ಯಾಪಾರಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮುಖ ನೋಡುವ ಮೊದಲೇ ಆಗುತ್ತಿರಲಿಲ್ಲ. ಟ್ಯಾರಂಟುಲಾ ಸಾಕುವವರ ಒಂದು ವಾಟ್ಸಾಪ್ ಗುಂಪಿನಲ್ಲಿ ನಾವಿಬ್ಬರೂ ಇದ್ದೆವು. ಅಂಗೈ ಅಗಲದ, ಮೈತುಂಬ ರೋಮವಿರುವ ಈ ದೊಡ್ಡ ಜೇಡಗಳನ್ನು ಸಾಕುವ ಹುಚ್ಚಿನವರು ನಮ್ಮ ಜಿಲ್ಲೆಯಿಂದ ಆ ಗುಂಪಿನಲ್ಲಿ ಇಬ್ಬರೇ ಎಂದ ಮೇಲೆ ಒಬ್ಬರಿಗೊಬ್ಬರು ಆಸರೆಯಾಗಬೇಕಿತ್ತು. ಆದದ್ದು ಬೇರೆ. ನನ್ನ ಹೆಣ್ಣು ಜೇಡದ ಫೋಟೋ ಹಾಕಿದ ದಿನವೇ ಆತ ಎಲ್ಲರೆದುರು ಬರೆದ: "ಅಕ್ಕಾರ, ನಿಮ್ದು ಗಂಡೈತಿ. ಸರಿಯಾಗಿ ನೋಡ್ರಿ."

ಬಾಗಲಕೋಟೆ ವಿದ್ಯಾಗಿರಿಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷ ದುಡಿದವಳಿಗೆ ಸರಿಯಾಗಿ ನೋಡಲು ಹೇಳಿಕೊಡುತ್ತಾನೆ! ಜೇಡ ಕಳಚಿದ ಪೊರೆಯನ್ನು ಸೋಪಿನ ನೀರಿನಲ್ಲಿ ನೆನೆಸಿ, ಹೊಟ್ಟೆಯ ಭಾಗ ಮೆಲ್ಲಗೆ ಬಿಡಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗಂಡಿನ ಬೀಜ ಕೂಡಿಟ್ಟುಕೊಳ್ಳುವ ಪುಟ್ಟ ಚೀಲ ಕಾಣುತ್ತದೆ. ಚೀಲವಿದ್ದರೆ ಹೆಣ್ಣು. ಅದರ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಆತ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾದ. ತಪ್ಪಾಯಿತು ಎಂಬ ಒಂದು ಮಾತಿಲ್ಲ. ಆ ಹೆಬ್ಬೆರಳನ್ನು ನಾನು ಎರಡು ವರ್ಷ ಮರೆಯಲಿಲ್ಲ.

ಮನೆಯಲ್ಲಿ ಇನ್ನೊಂದು ಕಾಳಗ. ನಮ್ಮದು ಬಸವಣ್ಣನನ್ನು ನಂಬಿದ ಮನೆ. ಮೊಟ್ಟೆ ಕೂಡ ಹೊಸ್ತಿಲು ದಾಟಿದ್ದಿಲ್ಲ. ಅಂಥ ಮನೆಯಲ್ಲಿ ಜಿರಳೆ ತಿನ್ನುವ ಜೀವವನ್ನು ಏಳು ವರ್ಷ ಸಾಕಿದ್ದೇನೆ ಎಂದರೆ ಅದು ನನ್ನ ಬಾಯಿ ಜೋರಿನಿಂದಲೇ. ತಂದಾಗ ಅದು ಹೆಸರುಕಾಳಿನಷ್ಟಿತ್ತು. ಅತ್ತೆ ಅದನ್ನು 'ಹುಳಾ' ಎಂದೇ ಕರೆಯುತ್ತಿದ್ದರು. ಅತ್ತೆಗೂ ನನಗೂ ಮದುವೆಯಾದ ವಾರದಿಂದಲೇ ಸರಿಬಂದಿಲ್ಲ, ಹುಳ ಒಂದು ಹೊಸ ನೆಪವಾಯಿತು ಅಷ್ಟೆ. ಹತ್ತು ಜಗಳಗಳ ನಂತರ ಒಂದು ಒಪ್ಪಂದಕ್ಕೆ ಬಂದೆವು. ಗಾಜಿನ ಪೆಟ್ಟಿಗೆ ಹಿಂದಿನ ಕೋಣೆಯಲ್ಲಿ, ಜಿರಳೆ ಬೆಳೆಸುವ ಬಕೆಟ್ಟು ಮಾಳಿಗೆಯ ಮೇಲೆ, ಮತ್ತು ಶ್ರಾವಣದಲ್ಲಿ ಅದಕ್ಕೆ ಏನೂ ತಿನ್ನಲು ಹಾಕಕೂಡದು.

"ಶ್ರಾವಣದಾಗ ಈ ಮನ್ಯಾಗ ಒಂದು ಜೀವಾ ಹೋಗಬಾರ್ದು," ಎಂದಿದ್ದರು.

ದೊಡ್ಡ ಜೇಡ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು ಎಂದು ನನಗೆ ಗೊತ್ತಿತ್ತು, ಒಪ್ಪಿಕೊಂಡೆ. ಅತ್ತೆ ಅದನ್ನೇ ಓಣಿ ತುಂಬ ಹೇಳಿಕೊಂಡು ಬಂದರು: "ನಮ್ಮ ಮನ್ಯಾಗಿನ ಹುಳಾ ಸುದ್ದಾ ಶ್ರಾವಣ ಮಾಡತೈತ್ರಿ." ಸಾಕುವ ಕಷ್ಟ ನನ್ನದು, ಪುಣ್ಯ ಮಾತ್ರ ಅವರ ಪಾಲಿಗೆ. ಪ್ರವಚನಕ್ಕೆ ಬರಲಾರೆ ಎಂದ ದಿನವಂತೂ ನನ್ನನ್ನು ಅದರೊಂದಿಗೆ ಹೋಲಿಸಿದರು: "ಹುಳಾ ಅದು ಶ್ರಾವಣ ಮಾಡತೈತಿ, ನಿನಗೇನ್ ಧಾಡಿ?" ನನಗೆ ಮೈಯೆಲ್ಲ ಉರಿದುಹೋಯಿತು.

ಏಳು ವರ್ಷ ಸಾಕಿದ ಮೇಲೆ ನನಗೆ ಅದರ ಮರಿ ನೋಡುವ ಆಸೆ ಹುಟ್ಟಿತು. ಅಂಥ ದೊಡ್ಡ ಆಸೆಗಳು ನನಗೆ ಬೇರೆ ಇರಲಿಲ್ಲ. ಮರಿ ಬೇಕೆಂದರೆ ಅದೇ ಜಾತಿಯ ಗಂಡು ಬೇಕು. ನನ್ನದು ಸುರುಳಿ ಕೂದಲಿನ, ಹೊರದೇಶದ ಜಾತಿ. ಹೆಣ್ಣು ಇಪ್ಪತ್ತು ವರ್ಷದವರೆಗೂ ಬಾಳುತ್ತದೆ. ಗಂಡಿನದು ಹಾಗಲ್ಲ. ಕೊನೆಯ ಪೊರೆ ಕಳಚಿ ಪ್ರಾಯಕ್ಕೆ ಬಂದ ಮೇಲೆ ಅದಕ್ಕೆ ಉಳಿಯುವುದು ಕೆಲವು ತಿಂಗಳು. ಆ ಕೆಲವು ತಿಂಗಳಲ್ಲಿ ಸಿಕ್ಕರೆ ಸಿಕ್ಕಿತು.

ಬಾದಾಮಿಯ ಒಬ್ಬ ಲಾಡ್ಜಿನವ ತನ್ನ ಬಳಿ ಗಂಡು ಇದೆಯೆಂದು ಫೋನಿನಲ್ಲಿ ಆಣೆ ಮಾಡಿದ. ರಜೆ ಹಾಕಿ ಹೋದೆ. ಕೆರೂರಿನಲ್ಲಿ ಸಂತೆ, ಬಸ್ಸು ಅರ್ಧ ಗಂಟೆ ಅಲುಗಾಡಲಿಲ್ಲ. ಹೋಗಿ ನೋಡಿದರೆ ಉಪ್ಪಿನಕಾಯಿ ಡಬ್ಬಿಯಲ್ಲಿ ನಮ್ಮ ಗುಡ್ಡದ್ದೇ ಜೇಡ, ಬಂಡೆಯ ಕೆಳಗಿಂದ ಹಿಡಿದು ತಂದದ್ದು.

"ಇದಕ್ಕೂ ನಮ್ಮಾಕಿಗೂ ಸಂಬಂಧ ಕೂಡೂದಿಲ್ರಿ. ಜಾತಿನ ಬ್ಯಾರೆ," ಎಂದೆ.

"ಜ್ಯಾಡ ಜ್ಯಾಡ ಎಲ್ಲಾ ಒಂದರಿ. ಬಿಟ್ಟು ನೋಡ್ರಿ, ಕೂಡತಾವ," ಎಂದು ನಕ್ಕ.

ಅವನ ನಗು ಇಳಿಯುವವರೆಗೂ ಬೈದೆ. ಎತ್ತಿ ತಂದ ಬಂಡೆಯ ಬಳಿಗೇ ಅದನ್ನು ವಾಪಸ್ಸು ಒಯ್ಯಿಸಿದೆ. ಬಿಸಿಲಿನಲ್ಲಿ ಗುಡ್ಡ ಹತ್ತುವಾಗ ಅವನು ಏದುಸಿರು ಬಿಡುತ್ತಿದ್ದ, ನನಗೆ ಒಂದಿಷ್ಟೂ ಕನಿಕರ ಬರಲಿಲ್ಲ.

ಆಷಾಢದ ಕೊನೆಯ ವಾರದಲ್ಲಿ ಇಳಕಲ್ಲಿನವನ ಸಂದೇಶ ಬಂತು. ಗುಂಪಿಗಲ್ಲ, ನನಗೊಬ್ಬಳಿಗೆ. "ನಮ್ಮ ಹುಡುಗ ಪ್ರಾಯಕ್ಕ ಬಂದು ನಾಕೈದು ತಿಂಗಳಾತು. ನಿಮ್ಮದರ ಜಾತಿನ. ನೋಡ್ತೀರೇನು?" ಫೋಟೋದಲ್ಲಿ ಉದ್ದ ಕಾಲಿನ, ಸಣ್ಣ ಹೊಟ್ಟೆಯ ಗಂಡು. ಮುಂಗಾಲಿನಲ್ಲಿ ಪ್ರಾಯದ ಗುರುತಾದ ಕೊಕ್ಕೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಹಲ್ಲು ಕಚ್ಚಿ ಉತ್ತರ ಬರೆದೆ.

ಮಾತುಕತೆ ಶುರುವಾದದ್ದೇ ತಡ, ಆತ ಗಂಡಿನ ಕಡೆಯವನಾಗಿಬಿಟ್ಟ. ಹೆಣ್ಣನ್ನೇ ಇಳಕಲ್ಲಿಗೆ ತರಬೇಕಂತೆ. ನಾನೂ ಹೆಣ್ಣಿನ ಕಡೆಯವಳ ಸೊಕ್ಕು ತೋರಿಸಿದೆ. ಹೆಣ್ಣು ತನ್ನ ಗೂಡಿನಲ್ಲೇ ಇರಬೇಕು, ಗಂಡೇ ಅಲ್ಲಿಗೆ ಹೋಗಬೇಕು, ಈ ಹವ್ಯಾಸದಲ್ಲಿ ನಡೆದು ಬಂದದ್ದೇ ಹಾಗೆ ಎಂದೆ. ಹಾಗಾದರೆ ತಾನೇ ಹಿಡಿದುಕೊಂಡು ಬರುತ್ತೇನೆ, ಬಸ್ಸಿನ ಪಾರ್ಸಲ್‌ನಲ್ಲಿ ಕಳಿಸುವುದಿಲ್ಲ, ನನ್ನ ಬಳಿ ಬಿಟ್ಟುಹೋಗುವುದೂ ಇಲ್ಲ ಎಂದ. ಮರಿಗಳು ಅರ್ಧ ಅರ್ಧ ಎಂದು ತೀರ್ಮಾನವಾಯಿತು. ಎರಡು ವಾರ ನಾವಿಬ್ಬರೂ ಬೀಗರ ಹಾಗೆ ಕಿತ್ತಾಡಿದೆವು.

ಆ ಕಿತ್ತಾಟದಲ್ಲಿ ಶ್ರಾವಣ ಕಾಲಿಟ್ಟಿತು. ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಹೆಣ್ಣು ಆಷಾಢದಲ್ಲಿ ಪೊರೆ ಕಳಚಿತ್ತು. ಕೂಡಿಸಲು ಅದೇ ಒಳ್ಳೆಯ ಸಮಯ. ಕೂಡಿದ ಮೇಲೆ ಪೊರೆ ಕಳಚಿದರೆ ಒಳಗಿನ ಬೀಜವೂ ಪೊರೆಯೊಂದಿಗೆ ಹೋಗಿಬಿಡುತ್ತದೆ. ಆದರೆ ಪೊರೆ ಬಿಟ್ಟ ಜೇಡಕ್ಕೆ ಬಕಾಸುರನ ಹಸಿವು. ಹೊಟ್ಟೆ ಬಿರಿಯುವಷ್ಟು ತಿನ್ನಿಸಿದ ಮೇಲೆಯೇ ಅದರ ಮುಂದೆ ಗಂಡನ್ನು ಬಿಡಬೇಕು. ಪೊರೆ ಕಳಚಿ ಕೋರೆಹಲ್ಲು ಗಟ್ಟಿಯಾದ ಮೇಲೆ ಎರಡು ಜಿರಳೆ ಹಾಕಿದ್ದೆ, ಅಷ್ಟರಲ್ಲಿ ಶ್ರಾವಣ ಬಂದಿತ್ತು.

ಇತ್ತ ಗಂಡಿನ ದಿನಗಳು ಮುಗಿಯುತ್ತಿದ್ದವು. ಅದು ಏನೂ ತಿನ್ನುತ್ತಿಲ್ಲ, ಗಾಜು ಹತ್ತುವಾಗ ಜಾರಿ ಬೀಳುತ್ತಿದೆ ಎಂದು ಆತ ಬರೆದ. ಶ್ರಾವಣ ಮುಗಿಯುವವರೆಗೆ ಕಾಯುವಂತಿರಲಿಲ್ಲ. ಅತ್ತೆಯನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಅವರ ಮುಂದೆ ಕೈಯೊಡ್ಡಿ, ಇಲ್ಲ ಅನ್ನಿಸಿಕೊಂಡು, ಆಮೇಲೆ ಓಣಿಯ ಬಾಯಲ್ಲಿ ಅದನ್ನೇ ಕೇಳುವುದಕ್ಕಿಂತ ಸುಮ್ಮನಿರುವುದೇ ಮೇಲು ಎನಿಸಿತು. ಕದ್ದು ಹಾಕಬಹುದಿತ್ತು. ಅದನ್ನೂ ಮಾಡಲಿಲ್ಲ. ಅವರ ನೇಮವನ್ನು ಕದ್ದು ಮುರಿದೆ ಎಂಬ ಮಾತು ಅವರ ಬಾಯಿಗೆ ಸಿಗುವುದು ನನಗೆ ಬೇಡವಾಗಿತ್ತು. ಇಪ್ಪತ್ತು ದಿನದ ಉಪವಾಸ ಏನು ಮಹಾ ಎಂದುಕೊಂಡೆ.

ಭಾನುವಾರ ಹನ್ನೊಂದಕ್ಕೆ ಆತ ಬಂದ. ಇಳಕಲ್ಲಿನಿಂದ ಹುನಗುಂದದವರೆಗೆ ಒಂದು ಬಸ್ಸು, ಅಲ್ಲಿಂದ ಬಾಗಲಕೋಟೆಗೆ ಇನ್ನೊಂದು. ಎರಡರಲ್ಲೂ ಸೀರೆ ಇಡುವ ರಟ್ಟಿನ ಡಬ್ಬಿಯನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದ. ಡಬ್ಬಿಯಲ್ಲಿ ಹತ್ತಿ, ಹತ್ತಿಯ ನಡುವೆ ಗಾಳಿಗೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ. ನಾನು ಅಂದುಕೊಂಡಿದ್ದಕ್ಕಿಂತ ವಯಸ್ಸಾದ ಮನುಷ್ಯ. ಅಂಗಿಯ ಬೆನ್ನು ಪೂರ್ತಿ ಬೆವತಿತ್ತು. ನೀರು ಕೊಟ್ಟರೆ ಕುಡಿಯಲಿಲ್ಲ, ಮೊದಲು ಹೆಣ್ಣು ತೋರಿಸಿರಿ ಎಂದ. ಅತ್ತೆ ಬಾಗಿಲಲ್ಲಿ ನಿಂತು ನೋಡಿ ಮುಖ ತಿರುಗಿಸಿ ಒಳಗೆ ಹೋದರು.

ಆತ ಗಾಜಿಗೆ ಮೂಗು ಹಚ್ಚಿ ನೋಡಿದ. "ಹೊಟ್ಟಿ ಸಣ್ಣ ಕಾಣತೈತಲ್ರಿ ಅಕ್ಕಾರ. ಹೊಟ್ಟಿತುಂಬ ಉಣಿಸೀರಿಲ್ಲ?"

ಕೇಳಿದ ದನಿಯೇ ನನಗೆ ಹಿಡಿಸಲಿಲ್ಲ. ಆ ಹೆಬ್ಬೆರಳು ನೆನಪಾಯಿತು.

"ಆಕಿನ್ನ ಏಳು ವರ್ಷ ಸಾಕೇನಿ ಸಾವ್ಕಾರ್ರ. ಉಣಿಸಾಕ ನನಗ ನೀವು ಹೇಳಿಕೊಡಬ್ಯಾಡ್ರಿ. ಉಣಿಸೇನಿ. ಆಕಿ ಮೈಕಟ್ಟ ಹಂಗೈತಿ."

"ಹಂಗಲ್ರಿ, ಸಿಟ್ಟಿಗೇಳಬ್ಯಾಡ್ರಿ. ಸುಮ್ನ ಕೇಳಿದೆ," ಎಂದು ಆತ ಡಬ್ಬಿ ತೆರೆದ.

ಗಂಡನ್ನು ಪೆಟ್ಟಿಗೆಯ ಒಂದು ಮೂಲೆಗೆ ಇಳಿಸಿದೆವು. ಆತನ ಕೈಯಲ್ಲಿ ನಡುವೆ ಅಡ್ಡ ಇಡಲು ಒಂದು ರಟ್ಟು, ನನ್ನ ಕೈಯಲ್ಲಿ ಉದ್ದ ಚಿಮುಟ. ಗಂಡು ಸ್ವಲ್ಪ ಹೊತ್ತು ಕದಲಲಿಲ್ಲ. ಆಮೇಲೆ ಹೆಣ್ಣಿನ ಬಲೆಯ ಎಳೆ ಕಾಲಿಗೆ ತಾಗಿದ್ದೇ ಮೈ ನಡುಗಿಸಿ ನೆಲ ಬಡಿಯತೊಡಗಿತು. ಪುಟ್ಟ ಬಡಿತ, ಕಿವಿಗೆ ಕೇಳುವಂಥದ್ದಲ್ಲ, ಗಾಜಿಗೆ ಬೆರಳಿಟ್ಟರೆ ತಿಳಿಯುವಂಥದ್ದು. ಆತ ಬೆರಳಿಟ್ಟು ನನ್ನ ಕಡೆ ನೋಡಿದ. "ಬಡಿತಾನ್ರಿ. ಮೂರು ವರ್ಷ ಸಾಕಿದ್ದು ಸಾರ್ಥಕ ಆತು," ಎಂದ. ನಾನೂ ಬೆರಳಿಟ್ಟೆ. ಆ ಒಂದು ಕ್ಷಣ ಆತನ ಮೇಲಿನ ಸಿಟ್ಟು ನಿಜವಾಗಿಯೂ ಮರೆತುಹೋಗಿತ್ತು.

ಒಪ್ಪಿದ ಹೆಣ್ಣು ತಾನೂ ನೆಲ ಬಡಿದು, ನಿಧಾನವಾಗಿ ಬಂದು, ಮುಂಭಾಗ ಎತ್ತಿ ನಿಲ್ಲುತ್ತದೆ. ನನ್ನದು ಬಡಿಯಲಿಲ್ಲ. ಗೂಡಿನಿಂದ ಹೊರಬಂದ ರಭಸ ನೋಡಿದೊಡನೆ ನನಗೆ ಗೊತ್ತಾಯಿತು. ಜಿರಳೆ ಬಿಟ್ಟಾಗ ಅದು ಬರುತ್ತಿದ್ದದ್ದು ಹಾಗೆಯೇ. ಏಳು ವರ್ಷ ನೋಡಿದ್ದೆ, ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?

"ಹಿಡೀರಿ, ಹಿಡೀರಿ!" ಎಂದು ಆತ ಕೂಗಿ ರಟ್ಟು ತೂರಿಸಿದ. ಅಷ್ಟರಲ್ಲಿ ಕೋರೆಹಲ್ಲುಗಳು ಗಂಡಿನ ಬೆನ್ನಿಗೆ ಇಳಿದಿದ್ದವು. ಚಿಮುಟದಿಂದ ತಟ್ಟಿದರೆ ಹೆಣ್ಣು ಅದನ್ನು ಎಳೆದುಕೊಂಡು ಗೂಡಿನೊಳಗೆ ಸರಿಯಿತು. ಗಂಡಿನ ಮುಂಗಾಲು ಇನ್ನೂ ಸ್ವಲ್ಪ ಹೊತ್ತು ಬಡಿಯುವಂತೆಯೇ ಅಲುಗುತ್ತಿತ್ತು.

ಆತ ಜಗಳ ತೆಗೆಯುತ್ತಾನೆ ಎಂದು ಕಾದೆ. ತೆಗೆದರೆ ತಿರುಗಿ ಏನು ಹೇಳಬೇಕೆಂದು ಆ ಹೊತ್ತಿನಲ್ಲೂ ಹೊಂದಿಸಿಕೊಳ್ಳುತ್ತಿದ್ದೆ, ಅಂಥ ನಾಲಿಗೆ ನನ್ನದು. ಆತ ಸ್ಟೂಲಿನ ಮೇಲೆ ಕುಸಿದು ಕೂತ.

"ತಪ್ಪು ನಂದರಿ ಅಕ್ಕಾರ," ಎಂದ. "ಎರಡು ಬಸ್ಸಿನ್ಯಾಗ ಅಲಗಾಡಿ ಬಂದಾಂವ. ಒಂದು ದಿನ ದಣಿವಾರಿಸ್ಕೊಳ್ಳಾಕ ಬಿಡಬೇಕಾಗಿತ್ತು. ನಿಮ್ಮ ಮ್ಯಾಲೆ ನಂಬಿಕಿ ಇಡಲಿಲ್ಲ, ಇಲ್ಲೇ ಬಿಟ್ಟ ಹೋಗಲಿಲ್ಲ. ಅವಸರ ಮಾಡಿದೆ. ಹಿಂದಕ್ಕ ನಿಮ್ಮ ಹೆಣ್ಣಿಗೆ ಗಂಡು ಅಂದಿದ್ದೆ ನೋಡ್ರಿ, ಅದೂ ಅವಸರನ. ಅವಾಗ ತಪ್ಪಾತು ಅನ್ನಾಕ ನಾಚಿಕಿ ಬಂತು."

ಎರಡು ವರ್ಷ ನಾನು ಕಾದಿದ್ದ ಮಾತು ಅದು. ಈಗ ಹೇಳಬೇಕಾದದ್ದು ನಾನು. ಒಂದೇ ಮಾತು: ಉಣಿಸಿರಲಿಲ್ಲ. ಬಾಯಿ ತೆರೆದೆ. "ಚಾ ಕುಡೀತೀರೇನ್ರಿ?" ಎಂದೆ.

ಬೇಡವೆಂದ. ಹೆಣ್ಣು ತಿಂದು ಬಿಟ್ಟದ್ದರಲ್ಲಿ ಏನಾದರೂ ಸಿಗಬಹುದೇ ಎಂದು ಕೇಳಿದ. ಕೊಕ್ಕೆಯಿದ್ದ ಒಂದು ಮುಂಗಾಲು ಗೂಡಿನ ಬಾಯಲ್ಲೇ ಕಳಚಿ ಬಿದ್ದಿತ್ತು. ಚಿಮುಟದಲ್ಲಿ ಎತ್ತಿಕೊಟ್ಟೆ. ಅದನ್ನು ಹತ್ತಿಯಲ್ಲಿ ಸುತ್ತಿ, ಸೀರೆಯ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬಂದಾಗಿನಂತೆಯೇ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ.

ಆತ ಗೇಟು ದಾಟಿದ ಮೇಲೆ ಅತ್ತೆ ಬಂದರು. ಏನಾಯಿತೆಂದು ಕೇಳಿದರು. ನಿಮ್ಮ ಶ್ರಾವಣ ಆಯಿತು ಎಂದು ಅರಚಿದೆ. ಇಪ್ಪತ್ತು ವರ್ಷದ್ದೆಲ್ಲ ಒಂದೇ ಉಸಿರಿಗೆ ಹೊರಬಂತು. ಅದನ್ನು ಉಪವಾಸ ಇರಿಸಿದ್ದು ನೀವು, ಆ ಜೀವ ತಿಂದದ್ದು ನೀವು ಎಂದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ನನ್ನ ಒಂದು ಮಾತು ಕೇಳಿದಿಯೇನ?" ಎಂದರು. "ಬಸುರಿ ಆಗಾಕಿಗೆ ಎಲ್ಲಿ ಉಪಾಸ ಐತಿ? ನೀ ಬಸುರಿದ್ದಾಗ ನಾ ನಿನಗ ಒಂದರೆ ಉಪಾಸ ಮಾಡಿಸೇನೇನು? ಕೇಳಿದ್ರ ನಾನ ಮಾಳಿಗಿ ಹತ್ತಿ ಜೊಂಡಿಗ ತಂದ ಕೊಡ್ತಿದ್ದೆ."

ಮಾಡಿಸಿರಲಿಲ್ಲ. ಆ ವರ್ಷದ ಶ್ರಾವಣದಲ್ಲಿ ನಾನು ಬೇಡವೆಂದರೂ ಮುಂಜಾನೆಯೇ ತಟ್ಟೆಗೆ ಬಿಸಿ ರೊಟ್ಟಿ ಬಡಿಸಿದವರು ಇವರೇ. ಅದು ನೆನಪಾದದ್ದಕ್ಕೂ ಅವರ ಮೇಲೆಯೇ ಸಿಟ್ಟು ಬಂತು.

ಇದಾಗಿ ಒಂದು ವರ್ಷದ ಮೇಲಾಯಿತು. ಹೆಣ್ಣು ಆರೋಗ್ಯವಾಗಿದೆ. ಈ ಸಲ ಶ್ರಾವಣದ ಮೊದಲ ದಿನವೇ ಅತ್ತೆ, "ಅದಕ್ಕ ಹಾಕು," ಎಂದು ಹೇಳಿ ದೇವರ ಕೋಣೆಗೆ ಹೋದರು. ಬೇರೆ ಗಂಡು ಸಿಕ್ಕಿಲ್ಲ, ನಾನೂ ಹುಡುಕಿಲ್ಲ.

ಇಳಕಲ್ಲಿನವರು ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ಅವರ ಗಾಜಿನ ಪೆಟ್ಟಿಗೆ ಖಾಲಿಯಿದೆ, ಮತ್ತೆ ಸಾಕುವ ಮನಸ್ಸಿಲ್ಲವಂತೆ. ನನ್ನ ಹೆಣ್ಣನ್ನು ಈಗ ಸೊಸೆ ಎನ್ನುತ್ತಾರೆ. ಪ್ರತಿ ಸಲವೂ ಹೇಳಿಬಿಡಬೇಕೆಂದೇ ಫೋನ್ ಎತ್ತುತ್ತೇನೆ. ನಿನ್ನೆಯೂ ಹಾಗೆಯೇ ಎತ್ತಿದೆ.

"ಹೆಂಗದಾಳ್ರಿ ಅಕ್ಕಾರ, ನಮ್ಮ ಸೊಸಿ?"

"ಆರಾಮ ಅದಾಳ್ರಿ."

"ಹೊಟ್ಟಿತುಂಬ ಉಣ್ತಾಳಿಲ್ರಿ?"

"ಉಣ್ತಾಳ್ರಿ ಸಾವ್ಕಾರ್ರ," ಎಂದೆ. ಈಗ ಅದು ನಿಜ.