ಹೆಸರಿನ ಆಟ, ಚೆಂಡಿನ ಆಟ

ಮಸ್ಕಿಯಲ್ಲಿರುವ ನನ್ನ ಸೋದರತ್ತೆ ತನ್ನ ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆಗೆ ಒಂದು ದೊಡ್ಡ ಟಿ.ವಿ.ಯನ್ನೂ ಯಾರೋ ಆಡಿ ಬಿಟ್ಟ ಗೇಮ್ ಮಷೀನನ್ನೂ ತಂದಿಟ್ಟಾಗ, ಇಡೀ ಬಳಗದಲ್ಲಿ ಅವಳ ಪರವಾಗಿ ಮಾತಾಡಿದವಳು ನಾನೊಬ್ಬಳೇ. ಆ ಕೋಣೆಯನ್ನು ಬೀಜ-ಗೊಬ್ಬರದ ಅಂಗಡಿಯವರು ಗೋದಾಮಿಗೆ ಕೇಳಿದ್ದರು. ಮಾವ ಹೂಂ ಅಂದೂ ಆಗಿತ್ತು. ಅತ್ತೆ ಬೀಗದ ಕೈ ಕೊಡಲಿಲ್ಲ.

"ಹುಡುಗ್ರು ಬರ್ತಾರ್ರಿ" ಅಂದಳು.

"ಬರಲಿಲ್ಲಂದ್ರ?" ಎಂದರು ಮಾವ.

"ಯುಗಾದಿ ತನಕ ನೋಡ್ರಿ. ಕ್ವಾಣಿ ತುಂಬಲಿಲ್ಲಂದ್ರ ನೀವು ಗೊಬ್ಬರ ತುಂಬ್ರಿ, ನಾ ಒಂದು ಮಾತೂ ಆಡಂಗಿಲ್ಲ."

ಒಂದು ಮಾತೂ ಆಡದ ಅತ್ತೆಯನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಹಾಗಾಗಿ ಪಣ ಎಷ್ಟು ದೊಡ್ಡದೆಂದು ನನಗೆ ತಕ್ಷಣ ಅರ್ಥವಾಯಿತು.

ಕ್ರಿಕೆಟ್ ಆಟ ಎಲ್ಲರ ಮೊಬೈಲಿನಲ್ಲೂ ಇದೆ, ಅದಕ್ಕಾಗಿ ಯಾರೂ ಎದ್ದು ಬರುವುದಿಲ್ಲ. ಬರುವುದಾದರೆ ಫುಟ್ಬಾಲಿಗೆ. ಮಸ್ಕಿ ಇರುವುದು ಸಿಂಧನೂರು, ಲಿಂಗಸುಗೂರುಗಳ ನಡುವಿನ ರಸ್ತೆಯಲ್ಲಿ. ಅಲ್ಲಿನ ಹುಡುಗರಲ್ಲಿ ಅರ್ಧದಷ್ಟು ಮಂದಿ ಆಟ ಆಡಲು ಸಿಂಧನೂರಿನ ಬಸ್ ಹತ್ತುತ್ತಿದ್ದರು, ಉಳಿದವರು ಲಿಂಗಸುಗೂರಿನದು. ಆ ಎರಡೂ ಊರುಗಳ ಗೇಮ್ ಅಂಗಡಿಗಳಲ್ಲಿ ಇದ್ದದ್ದು ಬೇರೆ ಬೇರೆ ಫುಟ್ಬಾಲ್ ಆಟ. ಒಂದನ್ನು ಆಡಿದವನು ಇನ್ನೊಂದನ್ನು ಮುಟ್ಟುವುದಿಲ್ಲ. ಅತ್ತೆಯ ಕೈಯಲ್ಲಿದ್ದ ದುಡ್ಡಿಗೆ ತರಬಹುದಾದದ್ದು ಒಂದೇ. ಯಾವುದು?

ನಾವು ಅವಕ್ಕೆ ಇಟ್ಟುಕೊಂಡಿದ್ದ ಹೆಸರುಗಳಲ್ಲೇ ಹೇಳುತ್ತೇನೆ. ಲಿಂಗಸುಗೂರಿನದು ಹೆಸರಿನ ಆಟ. ಅದನ್ನು ಮಾಡಿದ ಕಂಪನಿ ದೊಡ್ಡ ದೊಡ್ಡ ಕ್ಲಬ್ಬುಗಳಿಂದ ಹಕ್ಕು ಪಡೆದಿತ್ತು. ಆಟಗಾರರ ನಿಜವಾದ ಹೆಸರು, ನಿಜವಾದ ಮುಖ, ಕೈಮೇಲಿನ ಹಚ್ಚೆ ಕೂಡ ಹಾಗೇ. ಸಿಂಧನೂರಿನದು ಚೆಂಡಿನ ಆಟ. ಅದರ ಕಂಪನಿಗೆ ಹಕ್ಕು ಸಿಕ್ಕಿರಲಿಲ್ಲ. ಎಷ್ಟೋ ತಂಡಗಳಿಗೆ ಕೇಳಿರದ ಹೆಸರು, ಅಂಗಿಯ ಬಣ್ಣ ಮಾತ್ರ ಗುರುತು ಸಿಗುವಂಥದ್ದು. ಆದರೆ ಅದರ ಚೆಂಡಿಗೆ ತೂಕವಿತ್ತು. ಒದ್ದರೆ ಒದ್ದಂತೆ ಹೋಗುತ್ತಿತ್ತು, ಕಾಲಿಗೆ ಅಂಟಿಕೊಂಡು ಓಡುತ್ತಿರಲಿಲ್ಲ.

ನಾನು ಚೆಂಡಿನ ಆಟದವಳು. ತುರ್ವಿಹಾಳದಿಂದ ದಿನಾ ಸಿಂಧನೂರಿನ ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಕಲಿತದ್ದು. ಮೊದಲ ದಿನ ಆ ಅಂಗಡಿಗೆ ಕಾಲಿಟ್ಟಾಗ ಮಾಲೀಕರು "ರೀಚಾರ್ಜ್ ಪಕ್ಕದ ಅಂಗಡ್ಯಾಗ್ರಿ" ಅಂದಿದ್ದರು. ತಿಂಗಳೊಪ್ಪತ್ತಿನಲ್ಲಿ ನಾನು ಬಂದರೆ ಹುಡುಗರು ಎದ್ದು ಕುರ್ಚಿ ಬಿಡುತ್ತಿದ್ದರು. ಅದು ಮರ್ಯಾದೆಗಲ್ಲ, ಸೋಲಬಾರದೆಂದು. ಇನ್ನು ವಾದ ನನಗೆ ಮನೆಯಿಂದಲೇ ಬಂದದ್ದು. ಅಪ್ಪ ಶಾಲಾ ಮೇಷ್ಟ್ರು. ನಡುಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಅಪ್ಪನ ಕುರ್ಚಿ. "ದೊಡ್ಡೋರು ಹೇಳ್ಯಾರ ಅಂತ ಒಪ್ಪಬ್ಯಾಡ, ನಾ ಹೇಳೀನಿ ಅಂತಾನೂ ಒಪ್ಪಬ್ಯಾಡ" ಎನ್ನುವುದು ಅವರ ಬುದ್ಧಿಮಾತು. ಆ ಮಾತನ್ನು ಒಪ್ಪಬೇಕೋ ಬಿಡಬೇಕೋ ಎಂದು ಸಣ್ಣವಳಿದ್ದಾಗ ಕೇಳಿ, ಅವರು ನಕ್ಕದ್ದು ನೆನಪಿದೆ. ಕಾಲೇಜಿನ ಚರ್ಚಾಕೂಟ ಆ ಹುಚ್ಚಿಗೆ ಒಂದು ಶಿಸ್ತು ಕೊಟ್ಟಿತು, ಅಷ್ಟೇ.

ಎದುರಾಳಿ ಯಾರೆಂದರೆ ಅತ್ತೆಯ ಸ್ವಂತ ಮಗ. ನನ್ನ ವಾರಿಗೆಯವನು, ಲಿಂಗಸುಗೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದ, ಹೆಸರಿನ ಆಟದ ಕಟ್ಟಾ ಭಕ್ತ. ಒಂದು ಭಾನುವಾರ ನಾನು ಸಿಂಧನೂರಿನಿಂದಲೂ ಅವನು ಲಿಂಗಸುಗೂರಿನಿಂದಲೂ ಒಂದೊಂದು ಡಿಸ್ಕ್ ಕೇಳಿ ತಂದು ಅತ್ತೆಯ ಕೋಣೆಯಲ್ಲಿ ಕೂತೆವು. ಅತ್ತೆ ಅಂಗಡಿಯ ಕಡೆಗೊಂದು ಕಣ್ಣಿಟ್ಟು ಬಾಗಿಲಲ್ಲಿ ಕೂತಳು.

"ನಿಮ್ಮ ಆಟ ಖೊಟ್ಟಿ ಬೇ" ಎಂದು ಅವನು ಶುರುಮಾಡಿದ. "ಹೆಸರ ಖೊಟ್ಟಿ, ಅಂಗಿ ಖೊಟ್ಟಿ. ಸಂತ್ಯಾಗ ಮಾರೋ ಬೂಟಿನಂಗ."

"ನಿಮ್ಮ ಚೆಂಡು ಖೊಟ್ಟಿ ಲೇ. ಮೈದಾನದ ತುಂಬ ಜಾರಿಕೋಂತ ಹೋಕ್ಕೈತಿ. ಅದೇನು ಫುಟ್ಬಾಲೋ, ಗಾಜಿನ ಮ್ಯಾಲಿನ ಸಾಬೂನೋ?"

"ಅಸಲಿ ಮಂದಿ ಆಡಾಕತ್ತಾರ ಅದರಾಗ!"

"ಅಸಲಿ ಮಂದಿ ಸಾಬೂನು ಒದೀತಾರೇನು?"

"ಸುಮ್ನಿರ್ರೆಲೇ" ಎಂದಳು ಅತ್ತೆ. "ನೀವಿಬ್ರು ಹಿಂಗ ಕಚ್ಚಾಡಿದ್ರ ಓಣ್ಯಾಗಿನ ಮಂದಿ ಇವರಿಗೆ ಆಗಲೇ ಲಗ್ನ ಆಗೈತಿ ಅಂತ ತಿಳ್ಕೋತಾರ."

ಇಬ್ಬರೂ ಒಂದೇ ಸಲ ಒಂದೊಂದು ಮೊಳ ದೂರ ಸರಿದು ಕೂತೆವು.

ಹೀಗೆ ಬಡಿದಾಡಿದರೆ ಯುಗಾದಿ ಬರುತ್ತದೆಯೇ ಹೊರತು ತೀರ್ಮಾನ ಬರುವುದಿಲ್ಲ. ಚರ್ಚಾಕೂಟದಲ್ಲಿ ನಮಗೊಂದು ಅಭ್ಯಾಸ ಮಾಡಿಸುತ್ತಿದ್ದರು. ವಾದ ಕಟ್ಟಿಕೊಂಡು ಬಂದ ಮೇಲೆ, ವೇದಿಕೆ ಹತ್ತುವ ಮುಂಚೆ, ಪಕ್ಷ ಅದಲುಬದಲು ಮಾಡಿಬಿಡುವುದು. ಎದುರಿನವನ ಮಾತನ್ನು ಅವನಿಗಿಂತ ಚೆನ್ನಾಗಿ ನೀನು ಆಡಬೇಕು. ಅದನ್ನೇ ಮಾಡೋಣ ಅಂದೆ. ನಾನು ಹೆಸರಿನ ಆಟದ ಪರ, ಅವನು ಚೆಂಡಿನ ಆಟದ ಪರ.

ನಾನು ಮಾತಾಡಿದೆ. ಟಿ.ವಿ.ಯಲ್ಲಿ ಕಂಡ ಆಟಗಾರನನ್ನು ತನ್ನ ಹೆಬ್ಬೆರಳಿನಿಂದ ಓಡಿಸುವ ಸುಖಕ್ಕೆ ಸಮವಾದದ್ದು ಬೇರೆ ಇಲ್ಲ. ಹುಡುಗರು ಬಸ್ ಹತ್ತಿ ಬರುವುದು ಆ ಹೆಸರಿಗೆ. ಹೆಸರು ತೆಗೆದರೆ ಉಳಿಯುವುದು ಅಂಗಿ ಹಾಕಿದ ಗೊಂಬೆಗಳು. ಎಷ್ಟು ಚೆನ್ನಾಗಿ ಹೇಳಿದೆನೆಂದರೆ ನನಗೇ ಸ್ವಲ್ಪ ದಿಗಿಲಾಯಿತು. ಅವನ ಸರದಿ ಬಂತು. "ಈ ಆಟದಾಗ ಚೆಂಡಿಗೆ ತೂಕ ಐತಿ" ಎಂದು ಆರಂಭಿಸಿದ. ಎರಡು ಮಾತು ಸರಿಯಾಗಿ ಆಡಿದ. ಆಮೇಲೆ ತಡೆಯಲಾಗಲಿಲ್ಲ. "ಖರೆ, ತೂಕ ಐತಿ. ಆದ್ರ ಇಷ್ಟು ತೂಕ ಎಲ್ಲಿರ್ತೈತಿ ಬೇ? ಒಂದು ಸಲ ಪುಟಿದು ಅಲ್ಲೇ ಸತ್ತು ಬೀಳ್ತೈತಿ. ಭೂಮಿ ಮ್ಯಾಲ ಯಾವ ಮೈದಾನದಾಗ ಚೆಂಡು ಹಂಗ ಸಾಯ್ತೈತಿ?"

"ನಮ್ಮ ಗದ್ದ್ಯಾಗ" ಅಂದೆ.

ಸಿಂಧನೂರಿನ ಕಡೆ ಫುಟ್ಬಾಲ್ ಬೇರು ಬಿಟ್ಟದ್ದು, ಹಿಂದೆ ಪೂರ್ವ ಬಂಗಾಲದಿಂದ ನಿರಾಶ್ರಿತರಾಗಿ ಬಂದವರು ನೆಲೆಸಿದ ಬಂಗಾಲಿ ಕ್ಯಾಂಪುಗಳಿಂದ. ಭತ್ತ ಕೊಯ್ದ ಮೇಲೆ ಆ ಹುಡುಗರು ಗದ್ದೆಯಲ್ಲೇ ಗೋಲು ನಿಲ್ಲಿಸುತ್ತಾರೆ. ಅವರನ್ನು ನೋಡಿ ನಮ್ಮ ಊರುಗಳವರೂ ಕಲಿತರು. ಕಾಲುವೆ ನೀರು ಕುಡಿದು ಇನ್ನೂ ಪೂರ್ತಿ ಆರದ ಎರೆ ಮಣ್ಣು, ಮೇಲೆ ಕೂಳೆ. ಅಲ್ಲಿ ಚೆಂಡು ಬಿದ್ದರೆ ಹಾಸಿಗೆ ಸೇರಿದಂತೆ ಬೀಳುತ್ತದೆ. ಲಿಂಗಸುಗೂರಿನದು ಗರಸು ನೆಲ, ಕಲ್ಲಿನಷ್ಟು ಗಟ್ಟಿ. ಅಲ್ಲಿ ಚೆಂಡು ನಿಲ್ಲುವುದೇ ಇಲ್ಲ.

"ವೀಡಿಯೋ ಮಾಡ್ಕೊಂಡು ಬಾ. ಕಣ್ಣಿಲೆ ನೋಡೂ ತನಕ ನಂಬಂಗಿಲ್ಲ" ಅಂದ ಅವನು. ಅಪ್ಪ ಕೇಳಿದ್ದರೆ ಅವನನ್ನು ತಬ್ಬಿಕೊಳ್ಳುತ್ತಿದ್ದರು.

ಮುಂದಿನ ವಾರ ಅತ್ತೆಯ ಝೆರಾಕ್ಸ್ ಮಷೀನಿನ ಮೇಲೆ ಎರಡು ಮೊಬೈಲ್ ಜೋಡಿಸಿಟ್ಟೆವು. ನನ್ನದರಲ್ಲಿ, ಕ್ಯಾಂಪಿನ ಗೆಳತಿಯೊಬ್ಬಳು ತುರ್ವಿಹಾಳದ ಗದ್ದೆಯಲ್ಲಿ ತಲೆಯೆತ್ತರದಿಂದ ಚೆಂಡು ಬಿಡುತ್ತಾಳೆ. ಅದು ಮೊಣಕಾಲಿಗೂ ಏರದೆ ಕೂಳೆಯಲ್ಲಿ ಕೂರುತ್ತದೆ. ಅವನದರಲ್ಲಿ, ಅದೇ ಎತ್ತರದಿಂದ ಬಿಟ್ಟ ಚೆಂಡು ಸೊಂಟದವರೆಗೆ ಪುಟಿದು, ಪುಟಿಯುತ್ತಲೇ ಚೌಕಟ್ಟಿನಾಚೆ ಹೋಗುತ್ತದೆ. ವೀಡಿಯೋ ತೆಗೆಯುವವನು ಅದರ ಹಿಂದೆ ಓಡುವ ಸದ್ದು ಕೇಳುತ್ತದೆ. ಅತ್ತೆಗೆ ಹುರುಪು ಬಂತು. "ನಮ್ಮೂರಿಂದೂ ನೋಡೂಣು ತಡೀರಿ" ಎಂದು ಒಂದು ಚೆಂಡನ್ನು ಅಂಗಡಿಯ ಮುಂದಿನ ಸಿಮೆಂಟಿನ ಮೇಲೆ ಬಿಟ್ಟಳು. ಅದು ಹಾರಿ ಪಕ್ಕದ ಬಂಡಿಯ ಮಿರ್ಚಿ ಹಿಟ್ಟಿಗೆ ಬಿತ್ತು. ಬಂಡಿಯವರಿಗೆ ಸಮಾಧಾನ ಹೇಳಿ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ವಿಷಯ ತಿಳಿಯಾಗಿತ್ತು.

ಅದನ್ನು ನಾನೇ ಮೊದಲು ಹೇಳಿದ್ದು, ಆ ಬಗ್ಗೆ ನನಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ. ಎಲ್ಲೋ ಹುಲ್ಲುಹಾಸಿನ ಮೈದಾನ ನೋಡಿ ಯಾರೋ ಮಾಡಿದ ಎರಡು ಆಟಗಳನ್ನು ನಾವು ಗದ್ದೆ ಮತ್ತು ಗರಸಿನ ಮೇಲೆ ನಿಂತು ತೂಗುತ್ತಿದ್ದೆವು. ಸಿಂಧನೂರಿನವರಿಗೆ ನಿಧಾನದ ಚೆಂಡು ಅಸಲಿ, ಲಿಂಗಸುಗೂರಿನವರಿಗೆ ಓಡುವ ಚೆಂಡು ಅಸಲಿ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ನಗುವವರು ನಗಲಿ. ತಮ್ಮ ಕಾಲು ಬಲ್ಲ ನೆಲವನ್ನು ಬಿಟ್ಟು, ಕಾಣದ ಹುಲ್ಲಿನ ಮೇಲೆ ಪ್ರಮಾಣ ಮಾಡುವವರಿಗಿಂತ ನಾವು ಎಷ್ಟೋ ವಾಸಿ ಎಂದು ನಾನು ಈಗಲೂ ವಾದಿಸುತ್ತೇನೆ.

"ಹಂಗಾರ ಯಾವುದು ತರಲಿ?" ಎಂದು ಅತ್ತೆ ಕೇಳಿದಳು. ಅವಳಿಗೆ ಬೇಕಾದದ್ದು ತತ್ವವಲ್ಲ, ತುಂಬಿದ ಕೋಣೆ.

ಆಗ ನನ್ನ ಕೊನೆಯ ವಾದ ಮಂಡಿಸಿದೆ. ಎರಡರಲ್ಲೂ ಸುಳ್ಳಿದೆ. ಯಾವುದರ ಸುಳ್ಳನ್ನು ನಾವು ತಿದ್ದಬಹುದು? ಹೆಸರಿನ ಆಟದ ಚೆಂಡು ಕಂಪನಿ ಕೊಟ್ಟಂತೆ ಓಡುತ್ತದೆ. ನಮ್ಮಿಬ್ಬರ ನೆಲಕ್ಕೂ ಒಗ್ಗುವಂತೆ ಅದನ್ನು ಬದಲಿಸುವ ದಾರಿ ಎಷ್ಟು ತಡಕಿದರೂ ಸಿಕ್ಕಿರಲಿಲ್ಲ. ಚೆಂಡಿನ ಆಟದಲ್ಲಿ ಪಂದ್ಯಕ್ಕೆ ಮುಂಚೆ ಹುಲ್ಲು ಉದ್ದವೋ ಗಿಡ್ಡವೋ, ನೆಲ ಒದ್ದೆಯೋ ಒಣಗಿದ್ದೋ ಎಂದು ಆರಿಸಬಹುದು. ಉದ್ದ ಹುಲ್ಲು, ಒದ್ದೆ ನೆಲ ಅಂದರೆ ಸಿಂಧನೂರು. ಗಿಡ್ಡ ಹುಲ್ಲು, ಒಣ ನೆಲ ಅಂದರೆ ಲಿಂಗಸುಗೂರು. ಮತ್ತು ಹೆಸರುಗಳನ್ನು ನಾವೇ ಬರೆಯಬಹುದು.

"ಎಷ್ಟು ಬರೀತಿ? ಆ ದೇಶದ ಆಟಗಾರ್ರ ಹೆಸರೆಲ್ಲಾ ಕುಂತು ಬರೀತಿ?" ಎಂದ ಅವನು. "ಮಂದಿ ಬರೋದು ಹೆಸರಿಗೆ ಅಂತ ನೀನಽ ಅಂದೀ."

"ಹೌದು ಅಂದೀನಿ. ಅವರಿಗೆ ಎಲ್ಲಾಕಿಂತ ಸೇರೋ ಹೆಸರು ಯಾರದು?"

ಉತ್ತರ ಅವನಿಗೆ ಹೊಳೆದದ್ದು ಮುಖದಲ್ಲಿ ಕಂಡಿತು. ಅವನೇ ಹೇಳಲೆಂದು ಕಾದೆ. ಅಷ್ಟು ಔದಾರ್ಯ ನನಗೂ ಇದೆ.

"ಅವರದಽ" ಅಂದ.

ಚೆಂಡಿನ ಆಟ ಬಂತು. ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂದು ಮೂರು ತಂಡ ಮಾಡಿದೆವು. ಮೈದಾನದಲ್ಲಿ ನಿಜವಾಗಿ ಆಡುವ ಹುಡುಗರ ಹೆಸರು, ಅವರ ಎತ್ತರ, ಅವರ ಮೈಬಣ್ಣ, ಅವರ ಕೂದಲು. ಅಲ್ಲಿಯವರೆಗೆ ಸುಲಭ. ಆದರೆ ಆಟದೊಳಗೆ ಪ್ರತಿ ಆಟಗಾರನಿಗೂ ಓಟಕ್ಕಿಷ್ಟು, ಒದೆತಕ್ಕಿಷ್ಟು ಎಂದು ಅಂಕ ಕೊಡಬೇಕು. ಕೇಳಿದರೆ ಎಲ್ಲರೂ ತಮ್ಮದು ನೂರಕ್ಕೆ ನೂರು ಅನ್ನುವವರೇ.

"ಅಕ್ಕಾರ, ನಂದು ಓಟ ಬರೋಬ್ಬರಿ ಹಾಕ್ರಿ, ಚಿರತಿ ಓಡಿದಂಗ ಓಡ್ತೀನಿ" ಎಂದ ಸಾಲಗುಂದದ ಒಬ್ಬ.

"ನಿನ್ನೆ ಬಸ್ಸಿನ ಹಿಂದ ಓಡಿದ್ದು ನೋಡೀನಪಾ. ಬಸ್ಸು ಹೋತು, ನೀ ಉಳಿದಿ."

ಪುರಾವೆ ಇಲ್ಲದೆ ಅಂಕ ಇಲ್ಲ ಎಂದು ನಿಯಮ ಮಾಡಿದೆ. ಬೇಕಾದವರು ಮಸ್ಕಿಯ ಗುಡ್ಡದ ಕೆಳಗಿನ ಮೈದಾನಕ್ಕೆ ಬಂದು ಓಡಿ ತೋರಿಸಬೇಕು, ಒದ್ದು ತೋರಿಸಬೇಕು. ಅತ್ತೆಯ ಮಗ ಮೊಬೈಲಿನಲ್ಲಿ ಓಟದ ವೇಳೆ ನೋಡುತ್ತಿದ್ದ, ನಾನು ಅಂಕ ಹೇಳುತ್ತಿದ್ದೆ, ಒಪ್ಪದವರು ಮೇಲ್ಮನವಿ ಸಲ್ಲಿಸುತ್ತಿದ್ದರು. ಮೇಲ್ಮನವಿ ಅಂದರೆ ಮತ್ತೊಮ್ಮೆ ಓಡುವುದು. ಒಂದು ಅಂಕ ಏರಿಸಿಕೊಳ್ಳಲು ಜನ ಸಿಂಧನೂರಿನ ಆಚೆಯ ದಢೇಸುಗೂರಿನಿಂದ ಬಂದರು. ಲಿಂಗಸುಗೂರಿನವರು ಗುಂಪುಕಟ್ಟಿಕೊಂಡು ಬಂದರು. ಓಡಿ ಬೆವರಿದವರು ತಮ್ಮ ಅಂಕ ಸರಿಯಾಗಿ ಬಿದ್ದಿದೆಯೇ ನೋಡಲು ನೇರವಾಗಿ ಅತ್ತೆಯ ಕೋಣೆಗೆ ಹೋಗುತ್ತಿದ್ದರು. ನೋಡಿದವರು ಆಡದೆ ಏಳುತ್ತಿರಲಿಲ್ಲ. ನನ್ನನ್ನೂ ಸಿಂಧನೂರು ತಂಡಕ್ಕೆ ಸೇರಿಸಿದರು. ಕ್ಯಾಂಪಿನ ಗೆಳತಿಯ ಜೊತೆ ನಾನೂ ಓಡಿದೆ. ಅವಳಿಗೆ ಬಂದ ಅಂಕ ಹಲವು ಹುಡುಗರಿಗೆ ಇವತ್ತಿಗೂ ಹೊಟ್ಟೆಯುರಿ. ನನಗೆ ಬಂದದ್ದು ಕಡಿಮೆ. ಮೇಲ್ಮನವಿ ಹಾಕಿದೆ, ಮತ್ತೆ ಓಡಿದೆ, ಅಷ್ಟೇ ಬಂತು. "ಬಾಯಿಗೆ ಅಂಕ ಇದ್ದಿದ್ರ ಪೂರಾ ಕೊಡ್ತಿದ್ದೆ ಬೇ" ಎಂದ ಅತ್ತೆಯ ಮಗ.

ಅತ್ತೆಯ ಕೋಣೆಯಲ್ಲಿ ಟಿ.ವಿ. ಮುಂದೆ ನಡೆದ ಮೊದಲ ಪಂದ್ಯಾವಳಿಯನ್ನು ಲಿಂಗಸುಗೂರು ಗೆದ್ದಿತು. ಒದ್ದೆ ನೆಲದಲ್ಲಿ ನಾವು ಹೊಡೆದೆವು, ಒಣ ನೆಲದಲ್ಲಿ ಅವರು ತಿರುಗಿಸಿ ಕೊಟ್ಟರು, ಕೊನೆಯ ಪಂದ್ಯದ ನೆಲವನ್ನು ಚೀಟಿ ಎತ್ತಿ ಆರಿಸಿದಾಗ ಒಣಗಿದ್ದೇ ಬಂತು. ಸೋತವರಲ್ಲಿ ಒಬ್ಬರೂ ಆಟ ಖೊಟ್ಟಿ ಅನ್ನಲಿಲ್ಲ. ಚರ್ಚೆಯಲ್ಲಿ ಗೆದ್ದ ಎಷ್ಟೋ ಬಹುಮಾನಗಳು ಮನೆಯ ಕಪಾಟಿನಲ್ಲಿವೆ. ಅವುಗಳಿಗಿಂತ ಈ ಸೋಲು ನನಗೆ ಹೆಚ್ಚು.

ಯುಗಾದಿಯ ಮುಂಚಿನ ವಾರ ಅತ್ತೆ ಫೋನ್ ಮಾಡಿದಳು. ಹಿಂದೆ ಹುಡುಗರ ಗದ್ದಲದಲ್ಲಿ ಅವಳ ದನಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

"ಐತ್ವಾರ ಬಾ" ಎಂದು ಕೂಗಿದಳು. "ಮಸ್ಕಿ ತಂಡಕ್ಕ ಗೋಲ್‌ಕೀಪರ್ ಬೇಕಾಗೈತಿ. ನಿಮ್ಮ ಮಾವ ತಾನಽ ನಿಲ್ತೀನಿ ಅನ್ನಾಕತ್ತಾರ."

"ಕ್ವಾಣಿ ಸುದ್ದಿ ಏನಂದ್ರು ಅತ್ತಿ?"

"ಕ್ವಾಣಿ ಸುದ್ದಿ ಎಲ್ಲೈತಿ ಈಗ? ಅಂಕದ ಸುದ್ದೀನಽ ಐತಿ. ತೊಂಬತ್ತು ಹಾಕ್ಬೇಕಂತ ಹೇಳ್ಯಾರ ನಿನಗ."

ಭಾನುವಾರ ಗುಡ್ಡದ ಕೆಳಗಿನ ಮೈದಾನಕ್ಕೆ ಹೋದೆ. ಮಾವ ಲುಂಗಿ ಬಿಟ್ಟು ಮಗನ ಪ್ಯಾಂಟು ತೊಟ್ಟು ಎರಡು ಕಲ್ಲುಗಳ ನಡುವೆ ನಿಂತಿದ್ದರು. ಎರಡೂ ಊರಿನ ಹುಡುಗರು ಸರದಿಯಲ್ಲಿ ಒದೆಯಲು ಸಾಲು ನಿಂತಿದ್ದರು. ಅತ್ತೆ ಅಂಗಡಿಯ ಶಟರ್ ಅರ್ಧ ಎಳೆದು ನೋಡಲು ಬಂದಿದ್ದಳು. ಮೊದಲನೆಯ ಚೆಂಡು ಮಾವನ ಕಾಲ ಸಂದಿಯಿಂದ ಹೋಯಿತು. ಎರಡನೆಯದನ್ನು ಎದೆಗೆ ತಗುಲಿಸಿಕೊಂಡು ಹಿಡಿದರು, ಹಿಡಿದವರೇ ನನ್ನ ಕಡೆ ನೋಡಿದರು.

"ಹೆಂಗೈತಿ?" ಅಂದರು.

"ಇನ್ನೂ ನೋಡಬೇಕ್ರಿ ಮಾವ" ಅಂದೆ. "ಒಂದರ ಮ್ಯಾಲ ಹೇಳಾಕ ಬರಂಗಿಲ್ಲ."